ಹೆಸರು ಕೊಟ್ಟ ಕೊಟ್ರಜ್ಜಿ

ಯಾರೂ ಕರೆಯದಿದ್ದಾಗಲೂ ನಮ್ಮ ಅಜ್ಜಿ ಓಗೊಡುತ್ತಿದ್ದಳು. ಮಟಮಟ ಮಧ್ಯಾಹ್ನ, ಊಟವಾಗಿ ಬೀದಿಗೆ ಬೀದಿಯೇ ಕಣ್ಣು ಮುಚ್ಚಿರುವ ಹೊತ್ತಿನಲ್ಲಿ, ನಡುಮನೆಯ ಗೋಡೆಗೊರಗಿ ಕಾಳು ಆರಿಸುತ್ತಾ ಕೂತವಳು ಮೊರವನ್ನು ಪಕ್ಕಕ್ಕಿಟ್ಟು, ಬಾಗಿಲ ಕಡೆ ಮುಖ ಮಾಡಿ, "ಓ... ಬಂದೆ" ಎನ್ನುವಳು. ಹೊರಗೆ ಹೋಗಿ ನೋಡಿದರೆ ಯಾರೂ ಇರುತ್ತಿರಲಿಲ್ಲ. ಅಳೆದು ನೆಟ್ಟ ಸೈಟಿನ ಕಲ್ಲುಗಳು, ಅವುಗಳ ನಡುವೆ ಬೆಳೆದ ಲಂಟಾನದ ಪೊದೆ, ದೂರದಲ್ಲೊಂದು ಎಮ್ಮೆ, ಬಿಸಿಲು. ಅಷ್ಟೆ. ಅಜ್ಜಿ ಆ ಬಿಸಿಲನ್ನೇ ಸ್ವಲ್ಪ ಹೊತ್ತು ನೋಡಿ, ಯಾವ ದಿಕ್ಕೆಂದು ಗೊತ್ತಾದವಳಂತೆ ತಲೆಯಾಡಿಸಿ, ಸೆರಗು ಹೊದ್ದು ಹೊರಟುಬಿಡುತ್ತಿದ್ದಳು.

ಅಮ್ಮನಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. ಹೊರಗಿನಿಂದ ಯಾರು ಕೂಗಿದರೂ ಮೂರನೆಯ ಸಲಕ್ಕೆ ಮಾತ್ರ ಓಗೊಡಬೇಕು, ಮೊದಲನೆಯ ಕೂಗು ಮನುಷ್ಯರದ್ದೇ ಎಂದು ಹೇಳಲಾಗದು ಎಂದು ತುಮಕೂರು ಕಡೆಯ ಅವಳ ತವರಿನಲ್ಲಿ ಹೇಳಿಕೊಟ್ಟಿದ್ದರು. "ಒಂದೇ ಸಲಕ್ಕೆ ಓ ಅನ್ಬೇಡಿ ಅತ್ತೆ, ಎಷ್ಟು ಹೇಳಿದ್ರೂ ಕೇಳಲ್ಲ ನೀವು" ಎಂದು ಅವಳು ಗೊಣಗಿದರೆ ಅಜ್ಜಿ ಚಪ್ಪಲಿ ಮೆಟ್ಟುತ್ತಲೇ ಹೇಳುವಳು: "ಮೂರು ಸಲ ಕೂಗೋ ಶಕ್ತಿ ಇದ್ದೋರಿಗೆ ನಾನು ಯಾಕ ಬೇಕು ಶಾಂತವ್ವಾ?"

ಅಜ್ಜಿಯ ಹೆಸರು ಕೊಟ್ರಮ್ಮ. ಕೊಟ್ಟೂರಿನ ಕಡೆಯವಳು. ಅಪ್ಪನಿಗೆ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಕೆಲಸವಾಗಿ, ಬಸವೇಶ್ವರನಗರದಲ್ಲಿ ಒಂದು ಸೈಟು ಹಿಡಿದು ಹೆಂಚಿನ ಮನೆ ಕಟ್ಟಿಕೊಂಡ ಮೇಲೆ ಅಜ್ಜಿಯನ್ನು ಕರೆಸಿಕೊಂಡರು. ಅದು ಎಪ್ಪತ್ತರ ದಶಕದ ಶುರು. ಆಗ ನಮ್ಮ ಬಡಾವಣೆ ಇನ್ನೂ ಊರೂ ಆಗಿರಲಿಲ್ಲ, ಹೊಲವಾಗಿಯೂ ಉಳಿದಿರಲಿಲ್ಲ. ನಾಲ್ಕು ಮನೆ, ಆಮೇಲೆ ರಾಗಿ ಹೊಲ, ಮತ್ತೆ ಎರಡು ಮನೆ. ಬಸ್ಸು ಕೊನೆಯ ಸ್ಟಾಪಿನ ಹೊಂಗೆಮರದವರೆಗೆ ಬಂದು, ಮುಂದೆ ಹೋಗಲು ಹೆದರಿದಂತೆ ತಿರುಗಿ ಹೋಗುತ್ತಿತ್ತು. ಅದರಾಚೆ ಹೇರೋಹಳ್ಳಿ ಕಡೆಗೆ ಹೋಗುವ ಗಾಡಿದಾರಿ, ದಾರಿಯ ಬದಿಗೆ ಸ್ಮಶಾನ.

ಅಜ್ಜಿ ಎತ್ತರದ, ಒಣಕಲು ಮೈಯ ಹೆಂಗಸು. ಹಣೆಯಗಲಕ್ಕೂ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಯಾವಾಗಲೂ ಮಾಸಲು ಕೆಂಪಿನ ಇಳಕಲ್ ಸೀರೆ. ಬಂದ ವರ್ಷದೊಳಗೆ ಅವಳು ಇಡೀ ಬೀದಿಯ ಅಜ್ಜಿಯಾದಳು. ಬಾಣಂತಿಗೆ ನೀರು ಹಾಕಲು ಅವಳು, ಕೂಸಿಗೆ ಎಣ್ಣೆ ತಿಕ್ಕಲು ಅವಳು, ಗಂಡ ಹೆಂಡಿರ ಜಗಳದಲ್ಲಿ ನಡುವೆ ಚಾಪೆ ಹಾಸಿಕೊಂಡು ಕೂರಲು ಅವಳು. ಯಾರ ಮನೆಯಲ್ಲಾದರೂ ಹೆಂಗಸು ತೀರಿಕೊಂಡರೆ ಕೊನೆಯ ಸ್ನಾನ ಮಾಡಿಸಲೂ ಅವಳೇ. ಈ ಕೊನೆಯ ಕೆಲಸಕ್ಕೆ ಬೇರೆ ಹೆಂಗಸರು ಹಿಂಜರಿಯುತ್ತಿದ್ದರು. ಅಜ್ಜಿಗೆ ಹಿಂಜರಿಕೆ ಅರ್ಥವಾಗುತ್ತಿರಲಿಲ್ಲ. "ಹುಟ್ಟಿದೋರಿಗೂ ನಾವು ನೀರು ಹಾಕಬೇಕು, ಹೋದೋರಿಗೂ ನಾವು ಹಾಕಬೇಕು. ನಡುವಿನ ನಾಲ್ಕು ದಿನ ತಾವೇ ಹಾಕ್ಕೊಂತಾರ" ಎನ್ನುತ್ತಿದ್ದಳು.

ನೀರು ಹಾಕುವಾಗ ಅವಳು ಸುಮ್ಮನಿರುತ್ತಿರಲಿಲ್ಲ. ಸತ್ತವರೊಡನೆ ಮಾತಾಡುತ್ತಿದ್ದಳು. ಮಕ್ಕಳಾದ ನಮ್ಮನ್ನು ಹತ್ತಿರ ಬಿಡದಿದ್ದರೂ ಬಚ್ಚಲಿನ ಗೋಡೆಯ ಹೊರಗೆ ನಿಂತರೆ ಎಲ್ಲವೂ ಕೇಳಿಸುತ್ತಿತ್ತು. "ತಲಿ ಸ್ವಲ್ಪ ಎತ್ತವ್ವಾ. ಹ್ಞಾ, ಹಂಗ. ನೀರು ಬಿಸಿ ಹೆಚ್ಚಾತೇನು?" ಆಮೇಲೆ, ಉತ್ತರಕ್ಕೆ ಕಾಯುವಷ್ಟು ಹೊತ್ತು ಮೌನ. ಆಮೇಲೆ, ತಣ್ಣೀರು ಬೆರೆಸುವ ಸದ್ದು. 

"ಅವರನ್ನ ಯಾಕೆ ಮಾತಾಡಿಸ್ತೀಯ ಅಜ್ಜಿ?" ಎಂದು ಒಮ್ಮೆ ಕೇಳಿದ್ದೆ. ಮೊಮ್ಮಗಳಾದ ನನ್ನನ್ನು ಅವಳು ತಂಗಿ ಎಂದೇ ಕರೆಯುತ್ತಿದ್ದಳು.

"ಏನಾತು ಅಂತ ಅವ್ರಿಗೆ ಗೊತ್ತಿರಂಗಿಲ್ಲ ತಂಗಿ. ಹೊಸಾದು. ಗುರುತಿನ ಧ್ವನಿ ಒಂದು ಬೇಕು" ಎಂದಿದ್ದಳು. ಹೊಸ ಶಾಲೆಗೆ ಸೇರಿದ ಮಗುವಿನ ಬಗ್ಗೆ ಹೇಳಿದ ಹಾಗಿತ್ತು ಅದು.

ನಮ್ಮ ಸಾಲಿನ ಕೊನೆಯ ಮನೆಯಲ್ಲಿ ಸರೋಜ ಎಂಬ ಹುಡುಗಿ ಬಾಡಿಗೆಗಿದ್ದಳು. ಹೊಸದಾಗಿ ಮದುವೆಯಾಗಿ ಬಂದವಳು, ಚೊಚ್ಚಲ ಬಸುರಿ. ಹೆರಿಗೆಗೆ ಇನ್ನೂ ದಿನವಿದೆ, ತಾಯಿ ಬಂದು ಕರೆದುಕೊಂಡು ಹೋಗುತ್ತಾರೆ ಎಂದು ಕಾಯುತ್ತಿದ್ದಳು. ಗಂಡ ಬೆಳಗಿನ ಶಿಫ್ಟಿಗೆ ಹೋದರೆ ಮನೆಯಲ್ಲಿ ಒಬ್ಬಳೇ.

ಬೇಸಿಗೆ ರಜೆಯ ಒಂದು ಮಧ್ಯಾಹ್ನ. ನಾನೂ ಅಜ್ಜಿಯೂ ಚೌಕಾಬಾರ ಆಡುತ್ತಿದ್ದೆವು. ಕವಡೆ ಎತ್ತಿದ ಕೈ ಗಾಳಿಯಲ್ಲೇ ನಿಂತಿತು. "ಓ... ಬಂದೆ, ಬಂದೆ" ಎಂದವಳೇ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಬೀದಿಗೆ ಬಂದು ನಿಂತು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಬಾವಿಯೊಳಗೆ ಬಿದ್ದ ಕೊಡದ ಸದ್ದು ಕೇಳುವವರಂತೆ ಕೇಳಿಸಿಕೊಂಡಳು. ನನಗೆ ಕೇಳಿಸಿದ್ದು ಹೆಂಚು ಬಿಸಿಲಿಗೆ ಚಟ್ಟೆನ್ನುವುದು ಮಾತ್ರ. ಅಜ್ಜಿ ನೇರ ಸರೋಜಳ ಮನೆಗೆ ಹೋಗಿ ಬಾಗಿಲು ಬಡಿದಳು. ಒಳಗಿನಿಂದ ಅಗಳಿ ಹಾಕಿತ್ತು. ಸದ್ದಿಲ್ಲ.

"ಮಲಗಿರ್ಬೇಕು ಅಜ್ಜಿ. ಹೋಗೋಣ" ಎಂದೆ.

"ಮಲಗಿಲ್ಲ" ಎಂದು ಅವಳು ಹಿತ್ತಲಿಗೆ ನಡೆದಳು. ಬಚ್ಚಲಿನ ಕಿಟಕಿಗೆ ಇನ್ನೂ ಸರಳು ಕೂರಿಸಿರಲಿಲ್ಲ. ನನ್ನನ್ನು ಎತ್ತಿ ಅದರೊಳಗೆ ತೂರಿಸಿದಳು. ನಾನು ಒಳಗಿಳಿದು ಹಿತ್ತಲ ಬಾಗಿಲು ತೆಗೆದೆ. ಸರೋಜ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ಕಣ್ಣು ತೆರೆದೇ ಇತ್ತು, ಬಾಯಿಗೆ ಸೆರಗನ್ನು ಗಟ್ಟಿಯಾಗಿ ತುರುಕಿಕೊಂಡಿದ್ದಳು, ಮುಖ ನೀಲಿಗಟ್ಟಿತ್ತು. ಅಮ್ಮನನ್ನು ಕರೆತರಲು ಅಜ್ಜಿ ನನ್ನನ್ನು ಓಡಿಸಿದಳು. ಕಾರ್ಖಾನೆಯ ಸೈರನ್ನು ಕೂಗುವ ಹೊತ್ತಿಗೆ ಸರೋಜಳ ಮಗ ಅಳುತ್ತಿದ್ದ.

ಆಮೇಲೆ, ಬಾಣಂತಿ ಚೇತರಿಸಿಕೊಂಡ ಮೇಲೆ, ಅಮ್ಮ ಅವಳನ್ನು ಕೇಳಿದಳು: "ಅಷ್ಟು ಜೋರಾಗಿ ಕೂಗಿದ್ದೇನೇ? ನಮಗ್ಯಾರಿಗೂ ಕೇಳಿಸ್ಲೇ ಇಲ್ಲ."

"ನಾನು ಕೂಗ್ಲೇ ಇಲ್ಲ ಅಕ್ಕ" ಎಂದಳು ಸರೋಜ. "ಅಕ್ಕಪಕ್ಕದೋರಿಗೆ ಕೇಳ್ಸುತ್ತೆ ಅಂತ ನಾಚ್ಕೆ ಆಗಿ ಸೆರಗು ಕಚ್ಕೊಂಡಿದ್ದೆ. ಆಮೇಲೆ ಕೂಗ್ಬೇಕು ಅಂದ್ರೆ ಬಾಯಿ ಬಿಡಕ್ಕೇ ಆಗ್ಲಿಲ್ಲ."

ಅಮ್ಮ ಅಜ್ಜಿಯ ಕಡೆ ತಿರುಗಿದಳು. ಅಜ್ಜಿ ಕೂಸಿನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ತಲೆಯೆತ್ತದೆ ಹೇಳಿದಳು: "ನನಗ ಕೇಳಿಸಿದ್ದು ಸರೋಜನ ಧ್ವನಿ ಅಲ್ಲ. ಸಣ್ಣ ಧ್ವನಿ."

ಈ ಮಾತು ಬೀದಿಯೆಲ್ಲ ಹಬ್ಬಿತು. ಕೆಲವರು ದಾರಿಯಲ್ಲಿ ಕಂಡರೆ ಅಜ್ಜಿಯ ಕಾಲು ಮುಟ್ಟತೊಡಗಿದರು. ಇನ್ನು ಕೆಲವರು, ಅವಳು ಬರುವುದು ಕಂಡರೆ ಮೆಲ್ಲಗೆ ಬಾಗಿಲು ಮುಂದೆ ಮಾಡುತ್ತಿದ್ದರು. ಅವಳು ಯಾರ ಗೇಟಿನ ಮುಂದೆಯಾದರೂ ದಣಿವಾರಿಸಿಕೊಳ್ಳಲು ನಿಂತರೆ ಆ ಮನೆಯವರ ಎದೆ ಧಸಕ್ಕೆನ್ನುತ್ತಿತ್ತು. ಒಮ್ಮೆ ಕೆಮ್ಮು ಬಂದು ಒಬ್ಬರ ಜಗಲಿಯ ಮೇಲೆ ಕೂತಳಂತೆ. ಒಳಗೆ ಜ್ವರ ಬಂದು ಮಲಗಿದ್ದ ಮುದುಕರು ಎದ್ದು ಬಂದು, "ನನಗೇನೂ ಆಗಿಲ್ಲಮ್ಮ, ಆರಾಮಾಗಿದೀನಿ, ನೀವು ಹೊರಡಿ" ಎಂದು ಕೈ ಮುಗಿದರಂತೆ. ಅಜ್ಜಿ ಇದನ್ನು ಹೇಳಿಕೊಂಡು ಬಹಳ ನಕ್ಕಳು. ಅಮ್ಮ ನಗಲಿಲ್ಲ.

ಅಮ್ಮ ಆಗ ಬಸುರಿ. ನನ್ನ ನಂತರ ಹುಟ್ಟಿದ್ದ ಒಂದು ಕೂಸು ಉಳಿದಿರಲಿಲ್ಲ. ಹೆಣಕ್ಕೆ ನೀರು ಹಾಕಿದ ಕೈ ಬಸುರಿಯ ಮನೆಯಲ್ಲಿ ಅನ್ನ ಬಡಿಸಬಾರದು, ಯಾರದ್ದೋ ಕೂಗಿಗೆ ಓ ಅಂದರೆ ಕೂಗಿದ್ದು ಹಿಂದೆಯೇ ಮನೆಗೆ ಬರುತ್ತದೆ, ಹೀಗೆ ನಲ್ಲಿಯ ಹತ್ತಿರ ಹೆಂಗಸರು ಒಬ್ಬೊಬ್ಬರೂ ಒಂದೊಂದು ಹೇಳಿ ಅವಳ ತಲೆ ಕೆಡಿಸಿದ್ದರು. ಅವಳು ಅತ್ತೆಗೆ ಎದುರಾಡಿದವಳಲ್ಲ. ಅಪ್ಪನ ಹತ್ತಿರ ಅತ್ತಳು. ಅಪ್ಪ ಒಂದು ಭಾನುವಾರ ಅಜ್ಜಿಯ ಪಕ್ಕ ಕೂತು, ನೆಲ ಕೆರೆಯುತ್ತಾ, "ಅವ್ವಾ, ಶಾಂತಂದು ಹೆರಿಗಿ ಆಗೋತನಕ ಎಲ್ಲೂ ಹೋಗಬ್ಯಾಡ. ಯಾರು ಕರೆದರೂ" ಎಂದರು.

ಅಜ್ಜಿ ಸೊಸೆಯ ಮುಖವನ್ನೊಮ್ಮೆ ನೋಡಿದಳು. "ಆತಪ್ಪಾ. ಹೋಗಂಗಿಲ್ಲ" ಎಂದಳು.

ಮಾತು ಉಳಿಸಿಕೊಂಡಳು ಕೂಡ. ಮಧ್ಯಾಹ್ನ ಕಾಳು ಆರಿಸುವಾಗ ಕೆಲವೊಮ್ಮೆ ಅವಳ ಕೈ ನಿಲ್ಲುತ್ತಿತ್ತು, ತುಟಿ ಅಲ್ಲಾಡುತ್ತಿತ್ತು. ಆದರೆ ಓ ಎನ್ನುತ್ತಿರಲಿಲ್ಲ.

ಚಳಿ ಶುರುವಾಗಿದ್ದ ಒಂದು ಸಂಜೆ ಅಮ್ಮ ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ನಾನು ಮಗ್ಗಿ ಬರೆಯುತ್ತಿದ್ದೆ. ಅಜ್ಜಿ ಇದ್ದಕ್ಕಿದ್ದಂತೆ "ಓ" ಎಂದು, ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಎದ್ದೇ ಬಿಟ್ಟಳು. ಅಮ್ಮ ಬಂದು ಬಾಗಿಲಿಗೆ ಅಡ್ಡ ನಿಂತಳು. ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ.

"ಅತ್ತೆ, ದೀಪ ಹಚ್ಚೋ ಹೊತ್ತು."

"ಹತ್ರದಾಗ ಐತಿ ಶಾಂತಾ. ಈಗ ಹೋಗಿ ಈಗ ಬರ್ತೀನಿ."

"ಮಾತು ಕೊಟ್ಟಿದೀರಿ."

ಅಜ್ಜಿ ನಿಂತೇ ಇದ್ದಳು. ಅಮ್ಮನ ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಅವಳು ಬಾಗಿಲು ಬಿಡಲಿಲ್ಲ. ಕೊನೆಗೆ ಅಜ್ಜಿ ಬಂದು ತನ್ನ ಜಾಗದಲ್ಲಿ ಕೂತಳು. ಅನ್ನ ಬೇಯುವಷ್ಟು ಹೊತ್ತೂ ಅವಳ ತಲೆ ಒಂದು ಪಕ್ಕಕ್ಕೆ ವಾಲಿಯೇ ಇತ್ತು. ಊಟಕ್ಕೆ ತಟ್ಟೆ ಹಾಕುವಾಗ ನಿಧಾನಕ್ಕೆ ನೆಟ್ಟಗಾದಳು. "ನಿಂತ್ಹೋತು" ಎಂದಳು. ಅವಳು ಆ ದಿನ ಉಣ್ಣಲಿಲ್ಲ.

ಬೆಳಗ್ಗೆ ಹಾಲಿನವನು ಸುದ್ದಿ ತಂದ. ಬಸ್ಸು ತಿರುಗುವ ಹೊಂಗೆಮರದ ಹತ್ತಿರ ಯಾರೋ ಹೆಂಗಸು ಸತ್ತು ಬಿದ್ದಿದ್ದಾಳೆ, ಸಂಜೆಯ ಬಸ್ಸಿಗೆ ಬಂದವಳಿರಬೇಕು ಎಂದ. ಎಲ್ಲರೂ ಹೋಗಿ ನೋಡಿದರು. ವಯಸ್ಸಿನ ಹುಡುಗಿ. ಪಕ್ಕದಲ್ಲಿ ಬಟ್ಟೆಯ ಗಂಟು. ಮೈಮೇಲೆ ಗಾಯವಿಲ್ಲ. ಅವಳು ಮರದ ಬುಡದಲ್ಲಿ ಬಿದ್ದಿರಲಿಲ್ಲ, ಅಲ್ಲಿಂದ ಸಾಕಷ್ಟು ಈಚೆಗೆ ಬಿದ್ದಿದ್ದಳು. ಧೂಳಿನಲ್ಲಿ ತೆವಳಿದ ಗುರುತು ಮರದ ಬುಡದಿಂದ ನಮ್ಮ ಬೀದಿಯ ಕಡೆಗೇ ಬಂದು ನಿಂತಿತ್ತು. ಅಪ್ಪ ಮನೆಗೆ ಬಂದು ಇದನ್ನು ಹೇಳಿದಾಗ ಅಮ್ಮ ಒಲೆಯ ಮುಂದೆ ಕೂತವಳು ಹಿಂದಿರುಗಿ ನೋಡಲಿಲ್ಲ.

ಪೊಲೀಸರು ಬಂದರು, ವಿಚಾರಿಸಿದರು, ಶವವನ್ನು ಗಾಡಿಯಲ್ಲಿ ಒಯ್ದರು. ವಾರಸುದಾರರು ಯಾರೂ ಸಿಗಲಿಲ್ಲವೆಂದು ಕೆಲವು ದಿನಗಳ ಮೇಲೆ ಮಣ್ಣು ಮಾಡಲು ನಮ್ಮ ಕಡೆಯ ಸ್ಮಶಾನಕ್ಕೇ ತಂದರು. ಅಜ್ಜಿಗೆ ಅದು ಹೇಗೆ ತಿಳಿಯಿತೋ. "ನೀರು ಹಾಕದ ಮಣ್ಣಾಗ ಇಡ್ತಾರಂತ" ಎಂದು ಎದ್ದು, ತಾಮ್ರದ ಕೊಡ ಹುಡುಕಿದಳು. ನೀರು ಕೊಡಲು ಇನ್ನೊಬ್ಬರು ಬೇಕು. ಯಾವ ಹೆಂಗಸೂ ಬರುವವಳಲ್ಲ. ಆಗ ಅಮ್ಮ, ಆ ದಿನದಿಂದ ಅಜ್ಜಿಯೊಡನೆ ಸರಿಯಾಗಿ ಮಾತಾಡದಿದ್ದವಳು, ಹಂಡೆಯಿಂದ ಬಿಸಿನೀರು ತೋಡಿ ಕೊಡಕ್ಕೆ ತುಂಬಿದಳು. "ಗಿರಿಜಾನ ಕರ್ಕೊಂಡ್ಹೋಗಿ ಅತ್ತೆ" ಎಂದು ನನ್ನನ್ನು ಮುಂದೆ ತಳ್ಳಿದಳು.

ಸ್ಮಶಾನದಲ್ಲಿ ಒಬ್ಬ ಪೇದೆ, ಗುಂಡಿ ತೋಡುವ ಇಬ್ಬರು. ಅಜ್ಜಿ ಎರಡು ಬೇವಿನ ಮರಗಳಿಗೆ ತನ್ನ ಹಳೆಯ ಸೀರೆ ಕಟ್ಟಿ ಮರೆ ಮಾಡಿದಳು. ನನ್ನನ್ನು ಈಚೆಗೆ ನಿಲ್ಲಿಸಿ, ಚೊಂಬು ಚೊಂಬಾಗಿ ನೀರು ಕೊಡು, ಇಣುಕಬೇಡ ಎಂದಳು. ಸೀರೆಯ ಅಂಚಿನ ಕೆಳಗೆ ನನಗೆ ಕಂಡದ್ದು ಪಾದಗಳು ಮಾತ್ರ. ಒಂದು ಕಾಲಿನ ಬೆರಳಲ್ಲಿ ಉಂಗುರವಿತ್ತು, ಇನ್ನೊಂದರಲ್ಲಿ ಇರಲಿಲ್ಲ.

"ಏಳವ್ವಾ..." ಎಂದು ಅಜ್ಜಿ ಶುರು ಮಾಡಿ, ನಿಲ್ಲಿಸಿದಳು. ಮತ್ತೆ "ಏಳವ್ವಾ..." ಎಂದಳು, ಮತ್ತೆ ನಿಲ್ಲಿಸಿದಳು. ಸತ್ತವರೆದುರು ಅವಳ ಮಾತು ತಡವರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮರೆಯಿಂದ ಹೊರಗೆ ಬಂದು ಪೇದೆಯನ್ನು ಕೇಳಿದಳು: "ಈಕಿ ಹೆಸರು ಏನಾರ ಗೊತ್ತಾತೇನಪ್ಪಾ?"

"ಇಲ್ಲ ಅಜ್ಜಿ. ಹೆಸರು ಗೊತ್ತಿಲ್ಲ ಅಂತಾನೇ ಬರ್ಕೊಂಡಿದೀವಿ."

"ಹೆಸರಿಲ್ದ ಹೆಂಗ ಕರೀಲಿ? ಕರೀದ ಹೆಂಗ ಕಳಿಸ್ಲಿ?" ಎಂದಳು ಅಜ್ಜಿ. ಪೇದೆಗೆ ಹೇಳಿದ್ದಲ್ಲ ಅದು. ಮತ್ತೆ ಮರೆಯೊಳಗೆ ಹೋದಳು. ಆಮೇಲೆ ಅವಳ ಧ್ವನಿ ಸ್ಪಷ್ಟವಾಗಿ ಕೇಳಿಸಿತು.

"ಕೊಟ್ರಮ್ಮಾ... ಏಳವ್ವಾ ಕೊಟ್ರಮ್ಮಾ. ನೀ ಕರೆದ ದಿನಾನೇ ಬರಬೇಕಿತ್ತು. ತಡ ಆತು. ಕೈ ಕೊಡು."

 "ಅಜ್ಜಿ, ಅದು ನಿನ್ನ ಹೆಸರು" ಎಂದೆ.

"ಆಗಿತ್ತು" ಎಂದಳು ಮರೆಯಾಚೆಯಿಂದ. "ಈಗ ಈಕೀದು. ಕೊಟ್ಟೀನಿ. ನೀರು ತಾ."

ಮಣ್ಣು ಮುಚ್ಚುವ ತನಕ ಅಲ್ಲೇ ಇದ್ದು ಮನೆಗೆ ಬಂದೆವು. ನಾನು ಆ ಮಾತನ್ನು ಒಂದು ಸಮಾಧಾನದ ಮಾತು ಎಂದುಕೊಂಡಿದ್ದೆ. ಅದು ಹಾಗಿರಲಿಲ್ಲ. ಮಾರನೆಯ ದಿನ ತರಕಾರಿಯವಳು ಗೇಟಿನಲ್ಲಿ ನಿಂತು "ಕೊಟ್ರಮ್ಮನೋರೇ" ಎಂದು ಕೂಗಿದಳು. ಅಜ್ಜಿ ಅಲ್ಲೇ ಜಗಲಿಯ ಮೇಲಿದ್ದಳು, ತಿರುಗಲಿಲ್ಲ. ಮತ್ತೆ ಮತ್ತೆ ಕೂಗಿದಾಗ ಪಶ್ಚಿಮಕ್ಕೆ, ಸ್ಮಶಾನದ ಕಡೆ ಕೈ ತೋರಿಸಿ, "ಆಕಿ ಅಲ್ಲಿ ಅದಾಳ" ಎಂದಳು. ತರಕಾರಿಯವಳು ಬುಟ್ಟಿ ಎತ್ತಿಕೊಂಡು ಹಿಂದಕ್ಕೂ ನೋಡದೆ ಹೋದಳು. ಹಠವಲ್ಲ ಅದು, ನಾಟಕವಲ್ಲ. ಆ ಹೆಸರು ಅವಳ ಕಿವಿಗೆ ಬೇರೆ ಯಾರದ್ದೋ ಆಗಿಬಿಟ್ಟಿತ್ತು. ಬೀದಿಯವರು ಕ್ರಮೇಣ ಅವಳನ್ನು ಗಿರಿಜಳ ಅಜ್ಜಿ ಎನ್ನತೊಡಗಿದರು.

ಮಧ್ಯಾಹ್ನದ ಕೂಗುಗಳೂ ನಿಂತವು. ತಮ್ಮ ಹುಟ್ಟಿದ, ಗಟ್ಟಿಮುಟ್ಟಾಗಿದ್ದ. ಅಜ್ಜಿಯೇ ಅವನಿಗೂ ಅಮ್ಮನಿಗೂ ನೀರು ಹಾಕಿದಳು, ಅಮ್ಮ ಬೇಡವೆನ್ನಲಿಲ್ಲ. ಆದರೆ ಬಿಸಿಲು ಏರುತ್ತಿದ್ದಂತೆ ಅಜ್ಜಿ ಗೋಡೆಗೊರಗಿ, ಕಿವಿಯನ್ನು ಬಾಗಿಲಿಗೆ ಕೊಟ್ಟು ಕೂತಿರುತ್ತಿದ್ದಳು. ಹಿಂದಿನ ಬೀದಿಯಲ್ಲಿ ಒಬ್ಬಾಕೆ ತೀರಿಕೊಂಡದ್ದು ಜನ ಬಂದು ಹೇಳಿದ ಮೇಲಷ್ಟೇ ಅವಳಿಗೆ ತಿಳಿಯಿತು. "ಕೇಳಿಸ್ಲೇ ಇಲ್ಲವಾ ಅಜ್ಜಿ?" ಎಂದೆ. "ನನಗ ಹೆಸರೇ ಇಲ್ಲಲ್ಲ ತಂಗಿ. ಏನಂತ ಕರೀಬೇಕು ಅವ್ರು?" ಎಂದಳು. ಆ ದಿನಗಳಲ್ಲಿ ಅವಳ ಮುಖ ನೋಡಿದರೆ ಯಾರೂ ಇಳಿಯದ ರೈಲು ನಿಲ್ದಾಣದ ಹಾಗೆ ಕಾಣುತ್ತಿತ್ತು.

ತಮ್ಮ ಅಂಬೆಗಾಲಿಡುತ್ತಿದ್ದ ಕಾಲ. ಒಂದು ಮಧ್ಯಾಹ್ನ ಸೊಪ್ಪಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಗೇಟಿನಲ್ಲಿ ನಿಂತು ಕೇಳಿದಳು: "ಕೊಟ್ರಮ್ಮ ಅನ್ನೋರ ಮನೆ ಇದ್ಯೇನವ್ವಾ?"

ಅಮ್ಮ ಬಾಗಿಲಿಗೆ ಬಂದಳು. ಸೊಪ್ಪು ಬೇಡ ಎಂದಳು. "ಸೊಪ್ಪು ಮಾರಕ್ ಬಂದಿಲ್ಲ ಕಣವ್ವಾ. ಆ ಹೆಸ್ರಿನೋರ್ನ ನೋಡ್ಬೇಕು" ಎಂದು ಅವಳು ಬುಟ್ಟಿ ಇಳಿಸಿ, ಜಗಲಿಯ ಮೇಲೆ ಕೂತೇಬಿಟ್ಟಳು. ಹೆಸರು ಕೆಂಪಮ್ಮ. ಕೆಂಗೇರಿಯಿಂದಾಚೆಯ ಹಳ್ಳಿ. ನೀರು ಕುಡಿದು ಹೇಳಿದಳು.

"ನನ್ಗೊಬ್ಳೇ ಮಗ್ಳು, ಪುಟ್ಟತಾಯಿ. ಮೂರ್ಛೆ ಬತ್ತದೆ ಅಂತ ಗಂಡನ್ ಮನೆಯೋರು ಓಡಿಸ್ಬುಟ್ರು. ನನ್ ತಾವ್ಕೆ ಅಂತ ಹೊಂಟೋಳು ಬರ್ಲೇ ಇಲ್ಲ. ಓದಕ್ ಬರಾಕಿಲ್ಲ ಅವ್ಳಿಗೆ, ಯಾವ್ ಬಸ್ ಹತ್ತುದ್ಲೋ. ಹುಡುಕ್ದೆ, ಹುಡುಕ್ದೆ. ಈಗ ಕನಸ್ನಾಗೆ ಬತ್ತಾಳೆ. ಬೆನ್ನು ಮಾಡ್ಕೊಂಡು ನಿಂತಿರ್ತಾಳೆ. ಪುಟ್ಟತಾಯಿ ಅಂತ ಕೂಗುದ್ರೆ ತಿರುಗಲ್ಲ. ನನ್ ಹೆಸ್ರು ಕೊಟ್ರಮ್ಮ ಅಂತಾಳೆ. ನಮ್ ಸೀಮೇಲಿ ಆ ಹೆಸ್ರೇ ಇಲ್ಲ ಕಣವ್ವಾ. ನಾನು ಕೇಳೇ ಇಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ಬುಟ್ಟಿ ಹೊತ್ಕೊಂಡು ವಿಜಯನಗರ ಎಲ್ಲಾ ಸುತ್ತುದೆ, ಆ ಹೆಸ್ರಿನೋರು ಯಾರಾನಾ ಅವ್ರಾ ಅಂತ. ಅಲ್ಲೊಬ್ರು ಈ ಕಡೀಕ್ ಕಳ್ಸುದ್ರು."

 ನಡುಮನೆಯಿಂದ ಅಜ್ಜಿ ಎದ್ದು ಬಂದು ಕೆಂಪಮ್ಮನ ಎದುರು ಕೂತಳು.

"ಎಡಗಾಲು ಮೊಣಕಾಲ ಕೆಳಗ ಸುಟ್ಟ ಕಲಿ ಐತೇನು?"

"ಚಿಕ್ಕೋಳಿದ್ದಾಗ ಒಲೆ ಮ್ಯಾಲೆ ಬಿದ್ದಿದ್ಲು" ಎಂದಳು ಕೆಂಪಮ್ಮ.

"ಬಲಗಿವಿ ಹಾಲಿ ಹರದೈತಿ."

"ಓಲೆ ಸಿಕ್ಕಾಕ್ಕೊಂಡು..." ಅವಳ ಧ್ವನಿ ಸಣ್ಣಗಾಯಿತು.

"ನೆತ್ತಿ ಮ್ಯಾಲ ಎರಡು ಸುಳಿ."

ಕೆಂಪಮ್ಮ ತಲೆಯಾಡಿಸಿದಳು ಅಷ್ಟೆ. ಆಮೇಲೆ, "ನೀರಾಕಿದ್ದು ಯಾರು?" ಎಂದಳು.

"ನಾನು."

"ಬಿಸ್ನೀರಾ?"

"ಬಿಸಿನೀರು. ಈಕಿ ಕಾಸಿಕೊಟ್ಟಳು" ಎಂದು ಅಜ್ಜಿ ಅಮ್ಮನನ್ನು ತೋರಿಸಿದಳು.

ಅಮ್ಮ ತಮ್ಮನನ್ನು ಎತ್ತಿಕೊಂಡು ಗೋಡೆಗಂಟಿ ನಿಂತಿದ್ದಳು. ಆ ಒಳ್ಳೆಯ ಮಾತನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ. "ಅವತ್ತು ಸಂಜೆ ಅತ್ತೆಗೆ ಕೇಳಿಸಿತ್ತು. ಎದ್ದು ಹೊರಟಿದ್ರು. ನಾನೇ ಬಿಡ್ಲಿಲ್ಲ" ಎಂದಳು. "ಹೋಗಿದ್ರೆ ಉಳೀತಿದ್ಲೇನೋ."

ಕೆಂಪಮ್ಮ ಅವಳನ್ನೂ ಮಗುವನ್ನೂ ನೋಡಿದಳು. "ಬಸುರಿ ಇದ್ಯಾ ಆವಾಗ?"

"ಹೂಂ."

"ನಾನಾಗಿದ್ರೂ ಬುಡ್ತಿರ್ಲಿಲ್ಲ" ಎಂದಳು ಕೆಂಪಮ್ಮ.

ಬಿಸಿಲು ಇಳಿಯುವ ಮೊದಲೇ ಎಲ್ಲರೂ ಸ್ಮಶಾನಕ್ಕೆ ಹೋದೆವು. ಅಮ್ಮನೂ ಬಂದಳು. ಆ ಜಾಗದಲ್ಲಿ ಹುಲ್ಲು ಬೆಳೆದು, ಗುರುತು ಹಿಡಿಯುವುದು ಕಷ್ಟವಾಗಿತ್ತು. ಅಜ್ಜಿ ನೇರ ಹೋಗಿ ಕೂತು, ಮಲಗಿದ ಮಗುವನ್ನು ಎಬ್ಬಿಸುವಂತೆ ಮಣ್ಣನ್ನು ಮೆಲ್ಲಗೆ ತಟ್ಟಿದಳು. "ಪುಟ್ಟತಾಯಿ. ನಿಮ್ಮವ್ವ ಬಂದಾಳ ನೋಡವ್ವಾ. ನಿನ್ನ ಹೆಸರು ತಂದಾಳ. ನಂದು ನನಗ ಕೊಟ್ಟುಬಿಡು."

ಗಾಳಿ ಇರಲಿಲ್ಲ. ಬೇವಿನ ಎಲೆ ಕೂಡ ಅಲ್ಲಾಡಲಿಲ್ಲ. ಕೆಂಪಮ್ಮ ಬಗ್ಗಿ ಮಣ್ಣಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿದಳು. ತುಟಿ ಅಲ್ಲಾಡುತ್ತಿತ್ತು, ಮಗಳ ಹೆಸರನ್ನು ಒಳಗೊಳಗೇ ಕೂಗುತ್ತಿದ್ದಳೆಂದು ಕಾಣುತ್ತದೆ.  ಆಮೇಲೆ ಅವಳು ಕೆನ್ನೆಗೆ ಹತ್ತಿದ ಮಣ್ಣು ಒರೆಸಿಕೊಳ್ಳದೆ ಎದ್ದಳು.

"ಈಗ ತಿರುಗುದ್ಲು" ಎಂದಳು.

ವಾಪಸು ಬರುವಾಗ ನಾನು ಬೇಕೆಂದೇ ಹಿಂದೆ ಉಳಿದು, ಮೆಲ್ಲಗೆ "ಕೊಟ್ರಮ್ಮ" ಎಂದೆ. ಅಜ್ಜಿ ಥಟ್ಟನೆ ತಿರುಗಿದಳು. "ಏನೇ, ಅಜ್ಜೀನ ಹೆಸರು ಹಿಡದು ಕರೀತೀಯೇನು?" ಎಂದಳು. ಅಷ್ಟು ತಿಂಗಳ ಮೇಲೆ ಅವಳು ನಕ್ಕದ್ದನ್ನು ಕಂಡೆ.

ಆಮೇಲೆ ಮಧ್ಯಾಹ್ನಗಳು ಮತ್ತೆ ಮೊದಲಿನಂತಾದವು. ಬಡಾವಣೆ ಬೆಳೆಯಿತು, ಸೈಟಿನ ಕಲ್ಲುಗಳ ಮೇಲೆ ಮನೆಗಳೆದ್ದವು, ಅಜ್ಜಿ ಹೋಗಬೇಕಾದ ಬಾಗಿಲುಗಳು ಹೆಚ್ಚಾದವು. ಅವಳು ಓ ಎಂದ ಕೂಡಲೇ ಅಮ್ಮ ಎದ್ದು, "ಬಿಸ್ಲಿದೆ ಅತ್ತೆ" ಎಂದು ಕೊಡೆ ತಂದುಕೊಡುತ್ತಿದ್ದಳು. ಎಲ್ಲಿಗೆ ಎಂದು ಕೇಳುತ್ತಿರಲಿಲ್ಲ.

ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ಅಜ್ಜಿ ಹಾಸಿಗೆ ಹಿಡಿದಳು. ಡಾಕ್ಟರು ಬಂದು, ವಯಸ್ಸಾಯಿತು, ಬೇಕಾದ್ದು ಕೊಡಿ ಎಂದರು. ಅವಳಿಗೆ ಬೇಕಾದ್ದು ಏನೂ ಇರಲಿಲ್ಲ. ಒಂದು ಮಧ್ಯಾಹ್ನ ಮಾತ್ರ, ಸ್ನಾನ ಮಾಡಿಸು ಎಂದು ನನಗೆ ಹೇಳಿದಳು. ಅಮ್ಮ ನೀರು ಕಾಸಿದಳು. ಇಬ್ಬರೂ ಅವಳನ್ನು ನಡೆಸಿಕೊಂಡು ಹೋಗಿ ಬಚ್ಚಲಿನ ಕಲ್ಲಿನ ಮೇಲೆ ಗೋಡೆಗೊರಗಿಸಿ ಕೂರಿಸಿದೆವು. ಅಮ್ಮ ಒಣಗಿದ ಟವೆಲ್ಲು, ಸೀರೆ ತರಲು ಹೋದಳು. ಮೊದಲ ಚೊಂಬು ಹಾಕಿದೆ. ಮಕ್ಕಳ ಮೈಯಂತೆ ಹಗುರಾಗಿದ್ದ ಅವಳ ಮೈ ಒಮ್ಮೆ ಜುಂ ಎಂದಿತು.

"ಮಾತಾಡ್ತಾ ಹಾಕು ತಂಗಿ. ಸುಮ್ನ ಹಾಕಿದ್ರ ಅಂಜಿಕಿ ಆಗ್ತೈತಿ" ಎಂದಳು.

ಅಜ್ಜಿಯ ಬಾಯಿಂದ ಅಂಜಿಕೆ ಎಂಬ ಶಬ್ದವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಏನು ಮಾತಾಡಬೇಕೋ ತೋಚದೆ, ಬಾಯಿಗೆ ಬಂದದ್ದನ್ನು ಹೇಳತೊಡಗಿದೆ. ಸರೋಜಳ ಮಗನಿಗೆ ಮುಂದಿನ ಹಲ್ಲು ಬಿದ್ದದ್ದು. ಬಸ್ಸಿನಲ್ಲಿ ಕಂಡಕ್ಟರು ನಿದ್ದೆಹೋಗಿ ಎಲ್ಲರೂ ತಮ್ಮ ಸ್ಟಾಪು ದಾಟಿ ಹೋದದ್ದು. ತಮ್ಮ ಸ್ಲೇಟು ಒಡೆದು, ಎರಡು ಚೂರನ್ನೂ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟದ್ದು. ಒಂದೊಂದು ಮಾತಿಗೂ ಅಜ್ಜಿ ಕಣ್ಣು ಮುಚ್ಚಿಕೊಂಡೇ "ಹ್ಞೂಂ" ಎನ್ನುತ್ತಿದ್ದಳು. ಬೆನ್ನಿಗೆ ಹಾಕಿದೆ, ಹ್ಞೂಂ. ತಲೆಗೆ ಹಾಕಿದೆ, ಹ್ಞೂಂ. ಬಚ್ಚಲಿನ ತುಂಬ ಆವಿ. ಆ ಹ್ಞೂಂಕಾರ ನನ್ನ ಮಾತಿಗೆ ಮೇಳ ಹಿಡಿದಂತೆ ಹಿತವಾಗಿತ್ತು.

ಅಮ್ಮ ಟವೆಲ್ಲು ಹಿಡಿದು ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಅಜ್ಜಿಯನ್ನೇ ನೋಡಿದಳು. ಹತ್ತಿರ ಬಂದು ಬಗ್ಗಿ, ಮೂಗಿನ ಕೆಳಗೆ ಬೆರಳು ಹಿಡಿದಳು. ಆಮೇಲೆ ಎದೆಯ ಮೇಲೆ ಅಂಗೈ ಇಟ್ಟಳು.

"ಎಷ್ಟು ಹೊತ್ತಾಯ್ತೇ ಗಿರಿಜಾ?"

"ಏನು ಎಷ್ಟು ಹೊತ್ತಾಯ್ತು?" ಎಂದೆ.

"ಅಜ್ಜಿ ಮಾತು ನಿಲ್ಸಿ."

"ಎಲ್ಲಿ ನಿಲ್ಸಿದಾಳಮ್ಮ. ಈಗ ತಾನೇ ಹ್ಞೂಂ ಅಂದ್ಲಲ್ಲ."

ಅಮ್ಮ ಅಜ್ಜಿಯ ಕೈಯನ್ನೆತ್ತಿ ನನ್ನ ಕೈಯಲ್ಲಿಟ್ಟಳು. ಅಷ್ಟು ಬಿಸಿನೀರು ಹರಿದಿದ್ದರೂ ಅದು ಬೆಳಗಿನ ಕಲ್ಲಿನ ಹಾಗೆ ತಣ್ಣಗಿತ್ತು. ಈಗ ಹೋದ ಜೀವದ ಕೈಯಲ್ಲ ಅದು. ಹಾಗಾದರೆ ಬಸ್ಸಿನ ಮಾತಿಗೆ, ಸ್ಲೇಟಿನ ಮಾತಿಗೆ ನಾನು ಕೇಳಿದ್ದು ಏನು ಎಂದು ಈ ವಯಸ್ಸಿನಲ್ಲೂ ನನಗೆ ಹೇಳಲಾಗದು. ಕೇಳಿದ್ದಂತೂ ನಿಜ.

ಕೈಯಲ್ಲಿದ್ದ ಚೊಂಬನ್ನು ಕೆಳಗಿಡಲು ಬಗ್ಗಿದೆ. ಅಮ್ಮ ತಡೆದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಒದ್ದೆ ಕಲ್ಲಿನ ಮೇಲೆ ತಾನೂ ಕೂತು, ಅತ್ತೆಯ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು.

"ನಿಲ್ಲಿಸ್ಬೇಡ" ಎಂದಳು. "ಸ್ಲೇಟು ಒಡೆದ್ಮೇಲೆ ಏನಾಯ್ತು, ಹೇಳು ಅವ್ರಿಗೆ."

ನಾನು ಇನ್ನೊಂದು ಚೊಂಬು ನೀರು ತೋಡಿಕೊಂಡು, ಹೇಳಿದೆ.